ಮಾಳವ್ವ ಬಾಯಾರ ಜೋಳದ ಬಟ್ಟಲು

ಗಡಿನಾಡಿನ ಜತ್ತ ಬಸ್‌ಸ್ಟ್ಯಾಂಡಿನ ಪಾರಿವಾಳಗಳು ಒಂದು ಕಾಲಕ್ಕೆ ಹಾರಲು ಬೇಸರಪಡುವಷ್ಟು ದಪ್ಪಗಿದ್ದವು. ಅದಕ್ಕೆ ಕಾರಣ ನಾವು. ನಾವು ಎಂದರೆ ಮಾಳವ್ವ ಬಾಯಾರ ಟೈಪಿಂಗ್ ಕ್ಲಾಸಿನಲ್ಲಿ ಕಲಿತವರು. ಬಾಯಾರ ಟೇಬಲ್ಲಿನ ಮೇಲೆ ಬಿಳಿಜೋಳ ತುಂಬಿದ ಒಂದು ಡಬ್ಬಿ, ಅದರ ಮಗ್ಗುಲಿಗೆ ಖಾಲಿ ಪುಟ್ಟ ಸ್ಟೀಲಿನ ಬಟ್ಟಲು ಯಾವತ್ತೂ ಇರುತ್ತಿದ್ದವು. ಯಾರಾದರೂ ಸ್ಪೇಸ್‌ಬಾರನ್ನು ಬೇಡದ ಕಡೆ ಒತ್ತಿದರೆ, ಒತ್ತಿದ ಒಂದೊಂದು ಸಲಕ್ಕೂ ಒಂದೊಂದು ಕಾಳನ್ನು ಡಬ್ಬಿಯಿಂದ ಎತ್ತಿ ಬಟ್ಟಲಿಗೆ ಹಾಕಬೇಕು. ಹಿಡಿಗಟ್ಟಲೆ ಸುರಿಯುವಂತಿಲ್ಲ, ಎಣಿಸಿಯೇ ಹಾಕಬೇಕು. ಸಂಜೆ ಐದಕ್ಕೆ ಬಾಯಾರು ಆ ಬಟ್ಟಲು ಹಿಡಿದು ಮಾಳಿಗೆ ಹತ್ತುತ್ತಿದ್ದರು. ಅಷ್ಟರಲ್ಲಿ ಪಾರಿವಾಳಗಳು ಬಂದು ಸಾಲು ಹಿಡಿದು ಕೂತಿರುತ್ತಿದ್ದವು. ಸರ್ಕಾರಿ ಟೈಪಿಂಗ್ ಪರೀಕ್ಷೆ ಹತ್ತಿರ ಬಂದು, ಕಲಿಯುವವರು ಅವಸರಪಟ್ಟು ತಪ್ಪು ಹೆಚ್ಚಾಗುವ ದಿನಗಳಲ್ಲಿ ಅವು ಮಾಳಿಗೆಯವರೆಗೂ ಕಾಯದೆ ಬಾಗಿಲಿಗೇ ಬರುತ್ತಿದ್ದವು.

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಬಾಯಾರು ಎನ್ನುವುದು ರೂಢಿ. ಮಾಳವ್ವ ಬಾಯಾರು ದರಿಬಡಚಿಯ ಕುರಿಗಾರರ ಮನೆಯವರು. ಗಿಡ್ಡ ಆಳು, ಇಳಕಲ್ ಸೀರೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಅಪ್ಪನ ಹಿಂದೆ ಕುರಿ ಕಾಯುತ್ತಿದ್ದವರು ಅದು ಹೇಗೋ ಟೈಪ್‌ರೈಟರಿನ ಬೆನ್ನು ಹತ್ತಿ, ಮರಾಠಿಯಲ್ಲಿ ಬೆರಳೋಡಿಸಿ, ಆಮೇಲೆ ಕಂಪ್ಯೂಟರ್ ಬಂದಾಗ ಕನ್ನಡಕ್ಕೂ ಕೈ ಹಾಕಿ, ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಖೋಲಿ, ಅಂದರೆ ಕೋಣೆ, ಹಿಡಿದಿದ್ದರು. ಟೈಪ್‌ರೈಟರ್ ಹೋದರೂ ಕುರಿ ಕಾಯುವ ಬಡಿಗೆ ಹೋಗಿರಲಿಲ್ಲ. ಕುರ್ಚಿಯಿಂದ ಏಳದೆ, ಆ ಉದ್ದನೆಯ ಬಡಿಗೆಯಿಂದಲೇ ನಾಲ್ಕು ಕಂಪ್ಯೂಟರುಗಳ ಪರದೆಯನ್ನೂ ಮುಟ್ಟಿ ತೋರಿಸುತ್ತಿದ್ದರು. "ಅಲ್ಲಿ, ಮೂರನೇ ಸಾಲಿನ್ಯಾಗ, ಒಂದು ಹೆಚ್ಚಿಂದೈತಿ, ತಗೀರಿ." ಪರದೆಗಳ ಮೇಲೆ ಬಡಿಗೆಯ ತುದಿಯ ಗೀರು ಬಿದ್ದಿದ್ದವು. ಒಂದು ಕಂಪ್ಯೂಟರಿನಲ್ಲಂತೂ ಗೀರು ಯಾವುದು, ಪೂರ್ಣವಿರಾಮ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಹೊಸಬರಿಗೆ ಅವರು ಮೊದಲ ದಿನ ಅಕ್ಷರ ಕಲಿಸುತ್ತಿರಲಿಲ್ಲ. ಗುರುತು ಹಚ್ಚುವುದನ್ನು ಕಲಿಸುತ್ತಿದ್ದರು. ಪರದೆಯ ಮೇಲ್ಗಡೆ ಒಂದು ಗುಂಡಿ ಇದೆಯಲ್ಲ, ಬೆನ್ನು ತಿರುಗಿಸಿ ಕೂತ ಮುದುಕನ ಹಾಗೆ ಕಾಣುವ ಚಿಹ್ನೆಯದು? ಅದನ್ನು ಒತ್ತಿದರೆ ಕಾಣದ್ದೆಲ್ಲ ಕಾಣುತ್ತದೆ. ಸ್ಪೇಸ್ ಒತ್ತಿದ ಕಡೆ ಚುಕ್ಕಿ, ಟ್ಯಾಬ್ ಒತ್ತಿದ ಕಡೆ ಬಾಣ, ಎಂಟರ್ ಒತ್ತಿದ ಕಡೆ ಅದೇ ಮುದುಕ. ನಾವು ಅಚ್ಚುಕಟ್ಟಾಗಿ ಬರೆದಿದ್ದೇವೆಂದು ಬೀಗುತ್ತಿದ್ದ ಅರ್ಜಿ ಆ ಗುಂಡಿ ಒತ್ತಿದ ಕೂಡಲೇ ಚುಕ್ಕಿ ಚುಕ್ಕಿಯಾಗಿ ಮಾನ ಕಳೆದುಕೊಳ್ಳುತ್ತಿತ್ತು.

"ಇದೇನು ಬರದೀರೋ, ಬಿತ್ತೀರೋ?" ಎಂದು ಬಾಯಾರು ಕೇಳುತ್ತಿದ್ದರು. "ಬಿತ್ತೋದಾದ್ರ ಕೈಲೆ ಚೆಲ್ಲಬ್ಯಾಡ್ರಿ. ಕೈಲೆ ಚೆಲ್ಲಿದ ಹೊಲದಾಗ ಸಾಲು ಎಲ್ಲಿರತಾವ? ಟ್ಯಾಬ್ ಅನ್ನೋದು ಸಾಲು ಹಿಡದು ಬಿತ್ತೋ ಕೂರಿಗಿ. ಮ್ಯಾಲಿನ ಅಳತಿಪಟ್ಟಿ ಮ್ಯಾಲ ಒಮ್ಮೆ ಗುರುತು ಇಟ್ಟು ಬಿಡ್ರಿ, ಎಷ್ಟು ಸಾಲು ಬಂದ್ರೂ ಅಲ್ಲೇ ಬಂದು ಬೀಳತೈತಿ."

ಇಂಥ ಮಾತುಗಳು ಅವರಲ್ಲಿ ಹೇರಳ. ಹೊಸ ಪುಟಕ್ಕೆ ಹೋಗಲು ಎಂಟರ್ ಒತ್ತುತ್ತಾ ಕೂತವರನ್ನು ಕಂಡರೆ, "ಮುದುಕರನ್ನ ಯಾಕ ಸಾಲು ಹಚ್ಚಿ ನಿಂದ್ರಸ್ತೀರಿ? ಕಂಟ್ರೋಲ್ ಹಿಡದು ಒಂದ ಸಲ ಎಂಟರ್ ಹೊಡೀರಿ, ಪುಟ ತಾನೇ ಹರೀತೈತಿ" ಎನ್ನುವರು. ಒಮ್ಮೆ ಯಾವುದೋ ಹಳ್ಳಿಯ ಗ್ರಾಮಸೇವಕರು ಎರಡು ಪುಟದ ವರದಿ ಟೈಪ್ ಮಾಡಿಸಲು ಬಂದಿದ್ದರು. ವರದಿಯೆಲ್ಲ ಮೊದಲ ಪುಟದಲ್ಲೇ ಮುಗಿದು, ಎರಡನೆಯ ಪುಟದಲ್ಲಿ ಅವರ ಸಹಿಯ ಜಾಗವೊಂದೇ ಉಳಿದಿತ್ತು. ಬಾಯಾರು ಪ್ರಿಂಟ್ ಕೊಡಲು ಒಪ್ಪಲಿಲ್ಲ. "ಸಹಿ ಒಂದನ್ನ ಹಂಗ ಕಳಸಬ್ಯಾಡ್ರಿ. ಕುರಿ ಒಂಟಿ ಬಿಟ್ರ ತ್ವಾಳದ ಪಾಲು. ಖಾಲಿ ಕಾಗದದ ಮ್ಯಾಲ ನಿಮ್ಮ ಸಹಿ ಇದ್ರ, ಮ್ಯಾಲ ಯಾರ ಏನ ಬೇಕಾದ್ದು ಬರಕೋತಾರ. ಸಂಗಾಟ ಎರಡು ಸಾಲು ಕಳಸ್ರಿ" ಎಂದು ಕೊನೆಯ ಎರಡು ಸಾಲನ್ನು ಸಹಿಯ ಜೊತೆ ಗಂಟು ಹಾಕಿದರು. ಆ ಸೌಕರ್ಯ ಪ್ಯಾರಾಗ್ರಾಫಿನ ಪಟ್ಟಿಯಲ್ಲೇ ಇದೆ. ಒಂದು ಸಾಲನ್ನು ಮುಂದಿನ ಸಾಲಿನ ಸಂಗಡ ಇರು ಎಂದು ಹೇಳಿಟ್ಟರೆ ಅದು ಬಿಟ್ಟು ಹೋಗುವುದಿಲ್ಲ. ಗ್ರಾಮಸೇವಕರು ಬೆವರೊರೆಸಿಕೊಂಡು, ಇಷ್ಟು ವರ್ಷ ಎಷ್ಟು ಸಹಿಗಳನ್ನು ತೋಳದ ಬಾಯಿಗೆ ಬಿಟ್ಟಿದ್ದೇನೋ ಎಂದು ಲೆಕ್ಕ ಹಾಕುತ್ತಾ ಹೋದರು.

ನಾನು ಈ ಬಾಯಾರ ಕೈಗೆ ಸಿಕ್ಕಿದ್ದು ಪರೀಕ್ಷೆಗಾಗಿ ಅಲ್ಲ, ನನ್ನ ಲಗ್ನಕ್ಕಾಗಿ.

ನನ್ನದು ತಿಕೋಂಡಿ. ಕನ್ನಡ ಶಾಲೆಯಲ್ಲಿ ಮಾಸ್ತರಿಕೆ. ಆಗ ನನಗೆ ಮೂವತ್ತನಾಲ್ಕು. ನಮ್ಮ ಊರಲ್ಲಿ ಆ ವಯಸ್ಸಿನ ಗಂಡಸು ಮದುವೆಯಾಗದೆ ಉಳಿದರೆ ಎರಡೇ ಕಾರಣ ಹುಡುಕುತ್ತಾರೆ. ಒಂದು, ಅವನಿಗೆ ತಲೆ ಸರಿಯಿಲ್ಲ. ಎರಡು, ಅವನ ತಾಯಿಗೆ ಯಾರೂ ಸರಿಬರುವುದಿಲ್ಲ. ನನ್ನ ಅವ್ವ ಶಾಂತವ್ವ ಬಾವಿಯ ಹತ್ತಿರ ಈ ಎರಡನೆಯ ಕಾರಣವನ್ನು ಕೇಳಿಸಿಕೊಂಡು ಬಂದ ದಿನದಿಂದ ಊಟ ಬಿಟ್ಟಿದ್ದಳು. ಪೂರ್ತಿ ಬಿಟ್ಟಿರಲಿಲ್ಲ. ನನ್ನ ಎದುರಿಗೆ ಬಿಟ್ಟಿದ್ದಳು.

ಈಗ ಕನ್ಯೆ ನೋಡುವುದಕ್ಕಿಂತ ಮೊದಲು ಬಯೋಡೇಟಾ ಹೋಗಬೇಕು. ಹೆಸರು, ಎತ್ತರ, ಲಗ್ನ ಆಗಿದೆಯೋ ಇಲ್ಲವೋ, ಅಪ್ಪ, ಅವ್ವ, ಸೋದರಮಾವ, ಹೊಲ, ಅಕ್ಕತಂಗಿಯರು, ದನ, ಕೊನೆಗೆ 'ಅಪೇಕ್ಷೆ', ಅಂದರೆ ಎಂಥ ಹುಡುಗಿ ಬೇಕು ಎಂಬುದು. ನಾನು ಮಾಸ್ತರ, ಬೇರೆಯವರ ಕೈಲಿ ಬರೆಸುವುದು ಮರ್ಯಾದೆಯಲ್ಲ ಎಂದು ಶಾಲೆಯ ಲ್ಯಾಪ್‌ಟಾಪಿನಲ್ಲಿ ನಾನೇ ಕೂತು ಟೈಪ್ ಮಾಡಿದೆ. ಎಡಗಡೆ ವಿಷಯ, ಬಲಗಡೆ ಉತ್ತರ. ಅಪೇಕ್ಷೆಗೆ 'ನಗಮಾರಿ ಹುಡುಗಿ', ಅಂದರೆ ನಗುಮುಖದವಳು, ಎಂದು ಬರೆದೆ. ನಡುವಿನ ಜಾಗಕ್ಕೆ ಸ್ಪೇಸ್. ಒಂದು ಸಾಲು ಮುಗಿದು ಮುಂದಿನ ಸಾಲಿಗೆ ಹೋಗಬೇಕಾದರೂ ಸ್ಪೇಸ್. ಒತ್ತುತ್ತಾ ಹೋದರೆ ಹೇಗೂ ಕೆಳಗೆ ಬರುತ್ತದಲ್ಲ, ಎಂಟರ್ ಯಾಕೆ ಬೇಕು ಎಂಬ ನನ್ನ ಜಾಣತನ. ಲ್ಯಾಪ್‌ಟಾಪಿನಲ್ಲಿ ಅದು ಕನ್ನಡಿಯ ಹಾಗೆ ಕಾಣುತ್ತಿತ್ತು. ಸೋದರಮಾವ ಗುರಪ್ಪನ ಫೋನಿಗೆ ಕಳಿಸಿದೆ. ಅವನು ಓದದೆಯೇ ಹನ್ನೊಂದು ಮನೆಗಳಿಗೆ ಕಳಿಸಿದ. ಹನ್ನೊಂದು ಮನೆಯವರೂ ಸುಮ್ಮನಾದರು.

ತಿಂಗಳ ಮೇಲೆ ಗುರಪ್ಪ ಮಾವನ ಫೋನು ಬಂತು. ದನಿ ಬಿಗಿಯಾಗಿತ್ತು.

"ಶಿವಲಿಂಗಾ, ನಿಮ್ಮಪ್ಪಂದು ಲಗ್ನ ಆಗಿಲ್ಲೇನೋ?"

"ಮಾವಾ, ಏನ್ ಮಾತಾಡಾಕತ್ತಿ? ನಿನ್ನ ಅಕ್ಕನ್ನೇ ಕೊಟ್ಟೀಯಲ್ಲ."

"ಅದು ನನಗ ಗೊತ್ತೈತಿ. ಕಾಗದದಾಗ 'ಅವಿವಾಹಿತ ತಂದೆ' ಅಂತ ಐತಿ ನೋಡು. ಮತ್ತ ನನ್ನ ಹೆಸರ ಇರೋ ಜಾಗಾದಾಗ ಶಾಂತವ್ವ ಅಂತ ಐತಿ. ನಾ ಎಂದ ಶಾಂತವ್ವ ಆದ್ನೋ?"

ಮಾವನ ಮನೆಗೆ ಹೋಗಿ ಅವನ ಫೋನು ತೆಗೆದು ನೋಡಿದೆ. ಮಾವನ ಫೋನಿನಲ್ಲಿ ಅಕ್ಷರ ದಪ್ಪ, ಪುಟ ಸಣ್ಣದು. ನಾನು ಒತ್ತಿದ ಸ್ಪೇಸುಗಳೆಲ್ಲ ಜಾರಿ, ಪ್ರತಿ ಉತ್ತರವೂ ಕೆಳಗಿನ ಸಾಲಿಗೆ ಇಳಿದು ಮುಂದಿನ ವಿಷಯದ ಮಗ್ಗುಲಿಗೆ ಹೋಗಿ ಕೂತಿತ್ತು. ಒಂದು ಸಾಲಿನಲ್ಲಿ 'ಅವಿವಾಹಿತ', ಅದರ ಮುಂದೆ 'ತಂದೆ'. 'ಸಿದ್ದಪ್ಪ', ಅದರ ಮುಂದೆ 'ತಾಯಿ'. 'ಶಾಂತವ್ವ', ಅದರ ಮುಂದೆ 'ಸೋದರಮಾವ'. ನನ್ನ ಇಬ್ಬರು ತಂಗಿಯರ ಬಗ್ಗೆ ಬರೆದಿದ್ದ 'ಇಬ್ಬರೂ ವಿವಾಹಿತರು' ಎಂಬುದು 'ಜಾನುವಾರು' ಎಂಬಲ್ಲಿಗೆ ಬಂದಿತ್ತು. ಎಲ್ಲಕ್ಕಿಂತ ಘಾತವಾದದ್ದು ಕೊನೆಯಲ್ಲಿ. 'ಎರಡು ಎಮ್ಮೆ, ಒಂದು ಆಕಳು' ಎನ್ನುವುದು ಜಾನುವಾರಿನಿಂದ ಜಾರಿ ನೇರವಾಗಿ 'ಅಪೇಕ್ಷೆ'ಯ ಪಕ್ಕದಲ್ಲಿ ನಿಂತಿತ್ತು. ಹನ್ನೊಂದು ಮನೆಯವರೂ ನಾವು ವರದಕ್ಷಿಣೆಗೆ ದನ ಕೇಳುತ್ತಿದ್ದೇವೆಂದು ತಿಳಿದಿದ್ದರು. ಒಬ್ಬರಂತೂ, ಆಕಳಿನ ತನಕ ಹೋಗಬಹುದಿತ್ತು, ಎಮ್ಮೆ ಹೆಚ್ಚಾಯಿತು ಅಂದಿದ್ದರಂತೆ.

ಅವ್ವ ಅವತ್ತು ನಿಜವಾಗಿಯೂ ಊಟ ಬಿಟ್ಟಳು. ಮರುದಿನ ಜತ್ತಕ್ಕೆ ಹೋಗಿ ಮಾಳವ್ವ ಬಾಯಾರ ಎದುರಿಗೆ ನಿಂತೆ.

ಬಾಯಾರು ಫೈಲನ್ನು ಕಂಪ್ಯೂಟರಿಗೆ ಹಾಕಿ, ಕನ್ನಡಕ ಏರಿಸಿ, ಓದಿದರು. ನಗಲಿಲ್ಲ. ಗುರುತಿನ ಗುಂಡಿ ಒತ್ತಿದರು. ಪರದೆಯ ತುಂಬ ಚುಕ್ಕಿ. ಕಣದಲ್ಲಿ ರಾಶಿ ಮಾಡಿದ ಹಾಗಿತ್ತು. ಆಗ ಬಾಯಾರು ಬಡಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಅದು ಅವರು ಬಡಿಗೆ ಕೆಳಗಿಟ್ಟಿದ್ದನ್ನು ನಾನು ಕಂಡ ಒಂದೇ ಸಲ.

"ಮಾಸ್ತರ್ರ, ಎಷ್ಟ ವರ್ಷ ಆತು ನೀವು ಮಕ್ಕಳಿಗೆ ಕಲಸಾಕ ಹತ್ತಿ?"

"ಒಂಬತ್ತು ವರ್ಷ ಆತ್ರಿ ಬಾಯಾರ."

"ಪಾಪ, ಮಕ್ಕಳು" ಎಂದರು.

ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ ಹಾಕಿ ಎಣಿಸಿದರು. ಬೇಕಾದ ಸ್ಪೇಸುಗಳನ್ನು ಕಳೆದು, ಬೇಡದವು ಸಾವಿರದ ನೂರಾ ಹದಿನಾಲ್ಕು. ಡಬ್ಬಿಯನ್ನು ನನ್ನ ಮುಂದೆ ಸರಿಸಿದರು. ನಾನು ಮಾಸ್ತರ, ವಯಸ್ಸಾದವನು, ರಿಯಾಯಿತಿ ಇರಬಹುದೆಂದು ಅವರ ಮುಖ ನೋಡಿದೆ. ಇರಲಿಲ್ಲ. ಹಿಂದೆ ಕೂತ ಹದಿನೆಂಟರ ಹುಡುಗಿಯರು ಬಾಯಿಗೆ ಓಢಣಿ ಒತ್ತಿಕೊಂಡು ನೋಡುತ್ತಿರುವಾಗ, ಮಧ್ಯಾಹ್ನದಿಂದ ಸಂಜೆಯ ಬಸ್ಸಿನವರೆಗೆ ಒಂದೊಂದೇ ಕಾಳು ಹಾಕಿದೆ. ಏಳುನೂರರ ಹತ್ತಿರ ಲೆಕ್ಕ ತಪ್ಪಿತು. "ಮೊದಲಿಂದ ಹಾಕ್ರಿ" ಎಂದರು. ಪಾರಿವಾಳಗಳು ನನ್ನನ್ನು ಮರೆಯಲಿಲ್ಲ. ಆಮೇಲೆ ಎಷ್ಟೋ ದಿನ ನಾನು ಬಸ್ಸಿನಿಂದ ಇಳಿದರೆ ಸಾಕು, ಬೆನ್ನು ಹತ್ತುತ್ತಿದ್ದವು.

ಬಯೋಡೇಟಾ ಅವರು ಸರಿ ಮಾಡಿಕೊಡಲಿಲ್ಲ. ನನ್ನ ಕೈಯಿಂದಲೇ ಮಾಡಿಸಿದರು. ನಾಲ್ಕು ಶನಿವಾರ ಹಿಡಿಯಿತು. "ಇದಕ್ಕ ಟ್ಯಾಬೂ ಸಾಲೂದಿಲ್ಲ. ಉತ್ತರ ಉದ್ದ ಅದಾವು. ಕೋಷ್ಟಕ ಹಾಕ್ರಿ. ಎರಡು ಖೋಲಿ ಮನಿ. ಎಡಗಡೆ ಖೋಲ್ಯಾಗ ವಿಷಯ, ಬಲಗಡೆ ಖೋಲ್ಯಾಗ ಉತ್ತರ. ಗ್ವಾಡಿ ಇದ್ರ ಯಾರೂ ಯಾರ ಖೋಲಿಗೂ ಹೋಗೂದಿಲ್ಲ. ಎಲ್ಲಾ ಮುಗದ ಮ್ಯಾಲ ಗ್ವಾಡಿ ಕಾಣದಂಗ ಮಾಡ್ರಿ. ಗೆರಿ ತಗದ್ರೂ ಗ್ವಾಡಿ ಇರತೈತಿ." ನಾನು ಕೋಷ್ಟಕ ಹಾಕಿ, ಗೆರೆ ಅಳಿಸಿ, ಅಪ್ಪನನ್ನು ಅಪ್ಪನ ಖೋಲಿಯಲ್ಲಿ, ಎಮ್ಮೆಯನ್ನು ಎಮ್ಮೆಯ ಖೋಲಿಯಲ್ಲಿ ಕಟ್ಟಿದೆ. ದಪ್ಪಕ್ಷರ ಮಾಡಲು ಒಂದೊಂದೇ ಪದ ಹಿಡಿಯುತ್ತಿದ್ದಾಗ ಬೆರಳಿನ ಮೇಲೆ ಬಡಿಗೆ ಬಿತ್ತು. "ಒಬ್ಬೊಬ್ಬರಿಗೆ ರುಮಾಲು ಸುತ್ತಿಕೋತ ಕುಂದ್ರಬ್ಯಾಡ್ರಿ. ತಲಿಬರಹಕ್ಕ ಒಂದ ಸ್ಟೈಲ್ ಇಡ್ರಿ. ನಾಳಿ ಬಣ್ಣ ಬದಲಿ ಮಾಡಬೇಕಂದ್ರ ಒಂದ ಕಡೆ ಮಾಡಿದ್ರ ಎಲ್ಲಾರ ತಲಿ ಮ್ಯಾಲೂ ಬರತೈತಿ." ಕೊನೆಯ ಶನಿವಾರ ಪಿಡಿಎಫ್ ಮಾಡುವುದನ್ನು ಕಲಿಸಿದರು. "ಇದು ಬುತ್ತಿ. ಗಂಟು ಹಾಕಿದಿ ಅಂದ್ರ ಯಾರ ಮನ್ಯಾಗ ಬಿಚ್ಚಿದ್ರೂ ನೀ ಕಟ್ಟಿದಂಗ ಇರತೈತಿ." ಅಷ್ಟೊತ್ತಿಗೆ ಅವರು ನನ್ನನ್ನು ಮಾಸ್ತರ್ರ ಎನ್ನುವುದನ್ನು ಬಿಟ್ಟು ತಮ್ಮ ಎನ್ನತೊಡಗಿದ್ದರು.

ಹಳೆಯ ಫೈಲನ್ನು ಅಳಿಸಲು ಹೋದೆ. ತಡೆದರು.

"ಇರಲಿ ಬಿಡು. ಕೆಟ್ಟದ್ದು ಹೆಂಗಿರತೈತಿ ಅಂತ ತೋರ್ಸಾಕ ನನಗೊಂದು ಬೇಕು. ಇಂಥಾದ್ದು ಮತ್ತ ಹುಟ್ಟೂದಿಲ್ಲ."

ಹೊಸ ಬಯೋಡೇಟಾ ನಿಜಕ್ಕೂ ಚೆನ್ನಾಗಿತ್ತು. ಗುರಪ್ಪ ಮಾವ ಈ ಸಲ ತನ್ನ ಹೆಸರನ್ನು ಎರಡು ಸಲ ಓದಿ ನೋಡಿ, ಒಂಬತ್ತು ಮನೆಗೆ ಕಳಿಸಿದ. ಉತ್ತರಗಳೂ ಬಂದವು. ಎಲ್ಲ ಸಭ್ಯವಾದ ಉತ್ತರಗಳೇ. ಹುಡುಗಿ ಇನ್ನೂ ಓದುತ್ತಾಳಂತೆ. ವಯಸ್ಸಿನ ಅಂತರ ಹೆಚ್ಚಾಯಿತಂತೆ. ತಿಕೋಂಡಿ ದೂರವಾಯಿತಂತೆ. ಎತ್ತರ ಇನ್ನೂ ಎರಡು ಇಂಚು ಇದ್ದಿದ್ದರೆ ನೋಡಬಹುದಿತ್ತಂತೆ. ಎರಡು ತಿಂಗಳಲ್ಲಿ ಒಂಬತ್ತೂ ಮುಗಿದವು.

ನಗುವ ಮಾತಲ್ಲ, ನನಗೆ ಅದು ಮೊದಲಿನದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮೊದಲ ಸಲ ತಪ್ಪು ಸ್ಪೇಸ್‌ಬಾರಿನದು ಎನ್ನಬಹುದಿತ್ತು. ಈಗ ಕಾಗದದಲ್ಲಿ ಒಂದು ಚುಕ್ಕಿಯೂ ಹೆಚ್ಚಿರಲಿಲ್ಲ. ಅಪ್ಪ ಅಪ್ಪನ ಜಾಗದಲ್ಲಿದ್ದ, ಎಮ್ಮೆ ಎಮ್ಮೆಯ ಜಾಗದಲ್ಲಿತ್ತು, ನಾನು ನನ್ನ ಜಾಗದಲ್ಲಿ ನೆಟ್ಟಗೆ ನಿಂತಿದ್ದೆ. ನೆಟ್ಟಗೆ ನಿಂತವನನ್ನು ನೋಡಿಯೇ ಅವರು ಬೇಡ ಅಂದಿದ್ದರು. ಬಾಯಾರ ಕ್ಲಾಸಿಗೆ ಹೋಗಿ ಇದನ್ನೇ ಹೇಳಿದೆ. "ಕಾಗದ ಚಲೋ ಆತ್ರಿ ಬಾಯಾರ, ಆದ್ರ ನಾನೇ ಚಲೋ ಇಲ್ಲ ಅಂತ ಕಾಣತೈತಿ" ಅಂದೆ. ಬಾಯಾರು ಬಡಿಗೆಯ ತುದಿಯಿಂದ ನೆಲದ ಮೇಲೆ ಎರಡು ಸಲ ತಟ್ಟಿ, ಚಹಾ ತರಿಸಿದರು.

ಮುಂದಿನ ಶನಿವಾರ ಹೋದಾಗ ಒಂದು ವಿಚಿತ್ರ ನೋಡಿದೆ. ಪರೀಕ್ಷೆ ಮುಗಿದು ಕ್ಲಾಸಿಗೆ ರಜೆ. ನಾಲ್ಕೂ ಕಂಪ್ಯೂಟರುಗಳ ಮೇಲೆ ಬಟ್ಟೆ ಹೊದಿಸಿತ್ತು. ಆದರೆ ಬಟ್ಟಲು ತುಂಬಿ, ಕಾಳು ಟೇಬಲ್ಲಿನ ಮೇಲೂ ಚೆಲ್ಲಿತ್ತು.

"ಯಾರ್ರಿ ಬಾಯಾರ, ಇಷ್ಟು ತಪ್ಪು ಮಾಡಿದವ್ರು? ನನ್ನ ದಾಖಲೆ ಮುರದ್ರಲ್ಲ!"

"ಒಬ್ರು ಹಳೇ ಟೈಪಿಸ್ಟ್ ಬಂದಿದ್ರು. ಭಾಳ ತಿಳದವ್ರು. ತಿಳದೂ ತಿಳದೂ ಮಾಡಿದ್ರು" ಎಂದು ಬಟ್ಟಲು ಎತ್ತಿಕೊಂಡು ಮಾಳಿಗೆ ಹತ್ತಿದರು. ಅವತ್ತು ಪಾರಿವಾಳಗಳಿಗೆ ಹಬ್ಬ. ಎರಡು ಅಲ್ಲಿಯೇ ನಿದ್ದೆ ಹೋದವು.

ಅದಾದ ಹದಿನೈದು ದಿನಕ್ಕೆ ಸೊರಡಿಯಿಂದ ಸ್ಥಳ ಬಂತು. ನಮ್ಮ ಕಡೆ ಲಗ್ನದ ಸಂಬಂಧಕ್ಕೆ ಹಾಗೆನ್ನುತ್ತೇವೆ. ಈ ಮನೆಗೆ ನಾವು ಬಯೋಡೇಟಾ ಕಳಿಸಿಯೇ ಇರಲಿಲ್ಲ. ಬಾಯಾರ ಕಡೆಯಿಂದ ಅವರಿಗೆ ಗೊತ್ತಾಯಿತಂತೆ. ಹುಡುಗಿ ಸುವರ್ಣಾ, ಬಾಯಾರ ಹಳೆಯ ವಿದ್ಯಾರ್ಥಿನಿ. ಊರಿನ ಹಾಲಿನ ಡೇರಿಯಲ್ಲಿ ಕಂಪ್ಯೂಟರಿನ ಕೆಲಸ. ನಾವು ನೋಡಲು ಹೋದೆವು. ಆಕೆ ಅವಲಕ್ಕಿ ತಂದಿಟ್ಟು ಕೂತಳು. ಕೂತ ಹೊತ್ತೆಲ್ಲ ಸೆರಗಿನ ಅಂಚು ಹಲ್ಲಲ್ಲಿ ಕಚ್ಚಿಕೊಂಡೇ ಇದ್ದಳು. ನನ್ನ ಅಪ್ಪನನ್ನು ನೋಡಿದಾಗಲೆಲ್ಲ ಭುಜ ಅಲುಗುತ್ತಿತ್ತು. ಗುರಪ್ಪ ಮಾವ ತನ್ನ ಹೆಸರು ಹೇಳಿದಾಗ ಎದ್ದು ಒಳಗೆ ಹೋಗಿ, ನೀರು ಕುಡಿದು ಬಂದಳು. ನನ್ನ ಮುಖದಲ್ಲಿ ಏನಾದರೂ ಅಂಟಿದೆಯೋ ಎಂದು ನಾನು ಎರಡು ಸಲ ಒರೆಸಿಕೊಂಡೆ.

ಹುಡುಗಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದರು ಹಿರಿಯರು. ಆಕೆ ತಲೆ ತಗ್ಗಿಸಿಕೊಂಡೇ ಕೇಳಿದಳು.

"ಎಮ್ಮಿ ಎರಡೂ ಹಾಲು ಕೊಡತಾವೇನ್ರಿ?"

ಡೇರಿಯಲ್ಲಿ ಇರುವವಳು, ಕೇಳುವುದು ಸಹಜ ಅಂದುಕೊಂಡೆ. "ಒಂದು ಕೊಡತೈತ್ರಿ, ಇನ್ನೊಂದು ಗಬ್ಬ ಐತಿ" ಅಂದೆ. ಆಕೆ ಮತ್ತೆ ಒಳಗೆ ಹೋದಳು. ಅಡುಗೆಮನೆಯಿಂದ ಪಾತ್ರೆ ಬಿದ್ದ ಸಪ್ಪಳ, ಅದರ ಹಿಂದೆ ಯಾರೋ ಹೊಟ್ಟೆ ಹಿಡಿದುಕೊಂಡು ನಕ್ಕ ಸಪ್ಪಳ ಕೇಳಿತು. ಸಂಜೆಗೆ ಒಪ್ಪಿಗೆಯ ಸುದ್ದಿ ಬಂತು. ಅವ್ವ ನನ್ನ ಎದುರಿಗೇ ಎರಡು ರೊಟ್ಟಿ ತಿಂದಳು.

ಲಗ್ನಕ್ಕೆ ಬಾಯಾರು ಬಂದಿದ್ದರು. ಅಕ್ಷತೆ ಹಾಕುವಾಗಲೂ ಅವರ ಕಣ್ಣು ಮಂಟಪದ ಹಿಂದಿನ ಫ್ಲೆಕ್ಸಿನ ಮೇಲಿತ್ತು. ನಮ್ಮಿಬ್ಬರ ಹೆಸರನ್ನು ಯಾರೋ ಸ್ಪೇಸ್ ಒತ್ತಿ ಒತ್ತಿ ನಡುವಿಗೆ ತಂದಿದ್ದರು. ನನ್ನ ಹೆಸರು ಒಂದು ಗೇಣು ಬಲಕ್ಕೆ ಸರಿದಿತ್ತು. ಆಶೀರ್ವಾದ ಮಾಡುವಾಗ ಕಿವಿಯಲ್ಲಿ, "ನಡಕ ತರಾಕ ಒಂದು ಗುಂಡಿ ಐತಿ ಅಂತ ಆ ಫ್ಲೆಕ್ಸಿನವಗ ಹೇಳು ತಮ್ಮಾ" ಎಂದರು. ಅಷ್ಟೇ ಆಶೀರ್ವಾದ. ಆದರೆ ಊಟದ ಪಂಕ್ತಿಯಲ್ಲಿ, ತಮಗೆ ಬಡಿಸಿದ ಹೋಳಿಗೆಗಳಲ್ಲಿ ಒಂದನ್ನು ಎತ್ತಿ ನನ್ನ ಎಲೆಗೆ ಹಾಕಿದರು. ಅವರು ಯಾರಿಗೂ ಏನನ್ನೂ ಹೆಚ್ಚಿಗೆ ಹಾಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮುಂದೆ ಎರಡು ವರ್ಷಕ್ಕೆ ಬಾಯಾರು ಕ್ಲಾಸು ಮುಚ್ಚಿದರು. ಜನ ಫೋನಿನ ಎದುರು ಮಾತಾಡಿಯೇ ಬರೆಸುತ್ತಿದ್ದರು. ಬೆರಳಿಗೆ ಕೆಲಸ ಕಡಿಮೆಯಾಯಿತು. ಬಾಯಾರು ದರಿಬಡಚಿಗೆ, ತಮ್ಮನ ಮನೆಗೆ ಹೋದರು. ನಾವಿಬ್ಬರೂ ಒಂದು ದೀಪಾವಳಿಯ ರಜೆಯಲ್ಲಿ ಅವರನ್ನು ನೋಡಲು ಹೋದೆವು. ಹಟ್ಟಿಯ ಮುಂದೆ ಹೊರಸಿನ ಮೇಲೆ ಕೂತು, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೈ ಇಳಿದಿತ್ತು. ಬಡಿಗೆ ಮಗ್ಗುಲಲ್ಲೇ ಇತ್ತು, ಈಗ ಅದರ ಕೆಲಸ ಮತ್ತೆ ಕುರಿಯದೇ.

"ಬರ್ರಿ, ಕುಂದ್ರಿ" ಎಂದವರೇ ನನ್ನ ಕಡೆ ಕೈ ಚಾಚಿದರು. "ಸಾಲೀದು ಏನರ ಬರದಿದ್ರ ತೋರಸು."

ಶಾಲೆಯ ವರದಿ ಫೋನಿನಲ್ಲಿತ್ತು. ತೋರಿಸಿದೆ. ಗುರುತು ಹಚ್ಚಲು ಹೇಳಿದರು. ಎರಡು ಚುಕ್ಕಿ ಹೆಚ್ಚಿದ್ದವು. ಮೊರದಿಂದ ಎರಡು ಕಾಳು ಎತ್ತಿ ಕೋಳಿಗೆ ಹಾಕಿದರು. ಸುವರ್ಣಾ ನಗತೊಡಗಿದಳು. ಆಗಲೇ ಆಕೆ ತನ್ನ ಚೀಲದಿಂದ ಮಡಚಿದ ಒಂದು ಕಾಗದ ತೆಗೆದು ಬಾಯಾರ ಮುಂದಿಟ್ಟು, "ಇನ್ನರ ಇವರಿಗೆ ಹೇಳಲೇನ್ರಿ ಬಾಯಾರ?" ಎಂದಳು.

ಬಿಚ್ಚಿ ನೋಡಿದೆ. ನನ್ನ ಹಳೆಯ ಬಯೋಡೇಟಾ. ಅವಿವಾಹಿತ ತಂದೆ. ಶಾಂತವ್ವ ಸೋದರಮಾವ. ಎರಡು ಎಮ್ಮೆ, ಒಂದು ಆಕಳು ಅಪೇಕ್ಷೆ.

"ನಾನೇ ಕಳಿಸಿದ್ದು" ಎಂದರು ಬಾಯಾರು, ಮೊರದಿಂದ ತಲೆ ಎತ್ತದೆ. "ಫೈಲ್ ಕಳಿಸಿದ್ರ ಇಕಿ ಫೋನಿನ್ಯಾಗ ಮತ್ತ ಸರಿಯಾಗಿ ಗಿರಿಯಾಗಿ ಕುಂತೀತು ಅಂತ, ನನ್ನ ಫೋನಿನ್ಯಾಗ ತಗದು ಫೋಟೋ ಹೊಡದು ಕಳಿಸಿದೆ."

"ಬಾಯಾರ! ನಾಲ್ಕು ಶನಿವಾರ ಕೂಡಿಸಿ ಸರಿ ಮಾಡ್ಸಿದ್ರಿ. ಒಳ್ಳೇದು ಬಿಟ್ಟು ಇದನ್ಯಾಕ ಕಳಿಸಿದ್ರಿ?"

"ಒಳ್ಳೇದು ಒಂಬತ್ತು ಮನಿಗೆ ಹೋಗಿ ಬಂತಲ್ಲೋ. ಒಳ್ಳೇದು ಎಲ್ಲಾರ ಹತ್ರನೂ ಐತಿ, ಒಂದರಂಗ ಒಂದು. ನೀನು ಅಪೇಕ್ಷಾದಾಗ ಏನ ಬರದಿದ್ದಿ, ನೆನಪೈತಿ? ನಗಮಾರಿ ಹುಡುಗಿ ಬೇಕಂತ ಬರದಿದ್ದಿ. ನಗಸದ ನಗಮಾರಿ ಎಲ್ಲಿಂದ ಬರಬೇಕು? ಇಕೀಗೆ ಬರದು ಕೇಳಿದೆ, ಇಷ್ಟು ತಪ್ಪು ಮಾಡಿ, ಎಲ್ಲಾರ ಮುಂದ ಕುಂತು ಸಾವಿರ ಕಾಳು ಎಣಿಸಿದಾವ ಒಬ್ಬಾವ ಅದಾನ, ನೋಡ್ತೀಯೇನು ಅಂತ. ಇಕಿ ಮೂರು ದಿನ ನಕ್ಕು, ನಾಲ್ಕನೇ ದಿನ ಬರಾಕ ಹೇಳ್ರಿ ಅಂದಳು."

ಆ ರಜೆಯ ದಿನ, ಬಟ್ಟೆ ಹೊದಿಸಿದ ಕಂಪ್ಯೂಟರುಗಳ ನಡುವೆ ತುಂಬಿ ಚೆಲ್ಲಿದ್ದ ಬಟ್ಟಲು ನೆನಪಾಯಿತು.

"ಹಂಗಾರ ಅವತ್ತಿನ ಹಳೇ ಟೈಪಿಸ್ಟ್..."

"ಸಾವಿರದ ನೂರಾ ಹದಿನಾಲ್ಕು" ಎಂದರು ಬಾಯಾರು. "ನನ್ನ ಕೈಲೆ ಕಳಿಸಿದ ಮ್ಯಾಲ ನನ್ನ ತಪ್ಪೇ ಅಲ್ಲೇನು? ಒಂದೂ ಬಿಡದ ಎಣಿಸಿ ಹಾಕೀನಿ. ನಿನ್ನಂಗ ನಡಕ ಲೆಕ್ಕ ತಪ್ಪಿಲ್ಲ."

ಅದೇ ಕೊನೆಯ ಭೇಟಿ. ಮುಂದಿನ ಮಳೆಗಾಲದಲ್ಲಿ ಬಾಯಾರು ಹೋದರು. ಜತ್ತದ ಖೋಲಿಯಲ್ಲಿ ಈಗ ಫೋನಿನ ಕವರು ಮಾರುತ್ತಾರೆ. ಬಸ್‌ಸ್ಟ್ಯಾಂಡಿನ ಪಾರಿವಾಳಗಳು ಬಡಕಲಾಗಿವೆ, ಚುರುಕಾಗಿ ಹಾರುತ್ತವೆ.

ಇಷ್ಟನ್ನು ಬರೆದು ಮುಗಿಸಿ, ರೂಢಿಯಂತೆ ಗುರುತು ಹಚ್ಚಿ ನೋಡಿದೆ. ಐದು ಚುಕ್ಕಿ ಹೆಚ್ಚಿದ್ದವು. ಸುವರ್ಣಾ ಹಿಂದಿನಿಂದ ಬಗ್ಗಿ ನೋಡಿ, "ಐದಲ್ರಿ, ಆರು" ಎಂದಳು. ಆರನ್ನೂ ಅಳಿಸಿದೆ. ಒಳಗೆ ಹೋಗಿ ಜೋಳದ ಡಬ್ಬಿ ತಂದು, ಅಂಗಳದ ಕಟ್ಟೆಯ ಮೇಲೆ ಕೂತು ಎಣಿಸಿ ಹಾಕತೊಡಗಿದೆ. ಕೋಳಿಗಳು ಓಡಿ ಬಂದವು. ನೂರು ದಾಟಿದಾಗ ಸುವರ್ಣಾ ಕೇಳಿದಳು.

"ಆರಕ್ಕ ಇಷ್ಟ್ಯಾಕ್ರಿ?"

"ಮಾತಾಡಸಬ್ಯಾಡ" ಅಂದೆ. "ಸಾವಿರದ ನೂರಾ ಹದಿನಾಲ್ಕು ಆಗಬೇಕು, ಲೆಕ್ಕ ತಪ್ಪತೈತಿ."

ಆಕೆ ಬಂದು ಮಗ್ಗುಲಿಗೆ ಕೂತು, ಡಬ್ಬಿಗೆ ಕೈ ಹಾಕಿದಳು.